ಮೇಷ್ಟ್ರ ಕಾರು, ಯಜಮಾನ್ರ ಕೈ, ನನ್ನ ಮೊದಲ್ನೇ ಕೇಸು

ನಮ್ ಆಫೀಸಲ್ಲಿ ಇಂಥದ್ದು ದಿನಾ ನಡೀತಾನೇ ಇರತ್ತೆ ಕಣ್ರೀ. ಏನೂ ನಡೀದೇ ಸುಮ್ನೆ ಮಧ್ಯಾಹ್ನ ಆಗ್ಬಿಟ್ರೆ ನಮ್ ಸೀನಿಯರ್ರು ಕ್ಯಾಲೆಂಡರ್ ಕಡೆ ನೋಡಿ "ಇವತ್ತೇನಮ್ಮ, ಸರ್ಕಾರಿ ರಜೆನಾ?" ಅಂತ ಕೇಳ್ತಾರೆ.

ಹುಣಸೂರು ಕೋರ್ಟಿನ ಹತ್ರಾನೇ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟು, ಅದರ ಮಹಡಿ ಮೇಲೆ ನಮ್ ಆಫೀಸು. ತೊಂಬತ್ತರ ದಶಕ ಮುಗೀತಾ ಬಂದಿತ್ತು. ನಾನು ವಕೀಲಿ ಸನ್ನದು ತಗೊಂಡು ನಾಕೇ ತಿಂಗಳು. ಕರೀ ಕೋಟು ಹೊಲಿಸೋವಾಗ ನಮ್ಮಪ್ಪ ಟೈಲರ್‌ಗೆ "ಬೆಳೆಯೋ ಹುಡುಗಿ, ಸ್ವಲ್ಪ ದೊಡ್ಡದಾಗೇ ಇರ್ಲಿ" ಅಂತ ಹೇಳ್ಬಿಟ್ಟಿದ್ರು. ಇಪ್ಪತ್ಮೂರು ವರ್ಷಕ್ಕೆ ನಾನಿನ್ನೆಷ್ಟು ಬೆಳೀಲಿ, ನೀವೇ ಹೇಳಿ! ಆ ಕೋಟಲ್ಲಿ ಇನ್ನೊಬ್ಬ ಲಾಯರ್ ಆರಾಮಾಗಿ ಕೂರಬಹುದಿತ್ತು.

ನಮ್ಮಲ್ಲಿ ಜಾಸ್ತಿ ಬರೋದು ಆಕ್ಸಿಡೆಂಟ್ ಕೇಸು. ಆಕ್ಸಿಡೆಂಟ್ ಆದ್ರೆ ಏನ್ ಮಾಡ್ಬೇಕು ಅಂತ ನಂಗೆ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಮೊದ್ಲು ಆಸ್ಪತ್ರೆ. ಆಮೇಲೆ ಪೊಲೀಸ್ ಸ್ಟೇಷನ್ನು. ಗಾಡಿ ನಂಬರ್ ಬರ್ಕೊಳ್ಳೋದು, ಡ್ರೈವರ್ ಹೆಸರು ಕೇಳೋದು, ಇನ್ಶೂರೆನ್ಸ್ ಇದ್ಯಾ ನೋಡೋದು, ಬಿಲ್ಲು ಚೀಟಿ ಎಲ್ಲಾ ಜೋಪಾನ ಮಾಡೋದು. ಆಮೇಲೆ ಲಾಯರ್ ಹತ್ರ ಬರೋದು. ಇಷ್ಟೇ ತಾನೇ? ಇದರಲ್ಲಿ ಒಂದನ್ನೂ ಮಾಡದೇ ಸೀದಾ ಕೊನೇದಕ್ಕೆ ಬಂದೋರು ನಮ್ಮ ಬ್ಯಾರನ್ ಯಜಮಾನ್ರು. ಅವರ ಕೇಸಿನ ಕಥೇನೇ ಈಗ ನಾನು ಹೇಳೋಕೆ ಹೊರಟಿರೋದು. ಉಸಿರು ತಗೊಳ್ಳೋಕೂ ಬಿಡಲ್ಲ, ರೆಡಿಯಾಗಿ ಕೂತ್ಕೊಳ್ಳಿ.

೧. ಪೆಟ್ಟು ತಿಂದೋರೇ ತಪ್ಪಾಯ್ತು ಅಂದಿದ್ದು

ಒಂದಿನ ಬೆಳಗ್ಗೆ ಗಂಡ ಹೆಂಡ್ತಿ ಇಬ್ರು ಮೆಟ್ಲು ಹತ್ಕೊಂಡು ಬಂದ್ರು. ಗಂಡನಿಗೆ ಐವತ್ತರ ವಯಸ್ಸು, ಬಲಗೈನ ಟವೆಲ್ಲಲ್ಲಿ ಕತ್ತಿಗೆ ನೇತಾಕ್ಕೊಂಡಿದ್ರು. ಬಾಗಿಲಲ್ಲೇ ನಿಂತು ನನ್ನ ಮೇಲಿಂದ ಕೆಳಗೆ ನೋಡಿ, "ಲಾಯರಪ್ಪ ಇಲ್ವಾ ಮಗಾ?" ಅಂದ್ರು.

"ಇಲ್ಲ, ಕೋರ್ಟಿಗೆ ಹೋಗಿದಾರೆ. ನಾನೂ ಲಾಯರೇ, ಹೇಳಿ" ಅಂದೆ.

ಅವರು ಹೆಂಡ್ತಿ ಮುಖ ನೋಡಿದ್ರು. ಆಯಮ್ಮ ನನ್ನ ಕೋಟು ನೋಡಿದ್ರು. "ಸರಿ ಬುಡು, ನೀನು ಬರ್ಕೊ. ಆಮ್ಯಾಕೆ ಲಾಯರಪ್ಪನ ಕೈಲಿ ತಿದ್ದುಸ್ಕೊ" ಅಂತ ಯಜಮಾನ್ರು ಕೂತ್ಕೊಂಡ್ರು.

ಪಿರಿಯಾಪಟ್ಟಣದ ಕಡೆಯೋರು. ಅಲ್ಲಿ ಹೊಗೆಸೊಪ್ಪು ಬೇಯಿಸೋ ಮನೆಗೆ ಬ್ಯಾರನ್ ಅಂತಾರೆ. ಸೊಪ್ಪು ಕಟ್ಟಿದ ಕಡ್ಡಿಗಳನ್ನ ಅದರೊಳಗೆ ಕೆಳಗಿಂದ ಮಾಡಿನ ತನಕ ಸಾಲುಸಾಲಾಗಿ ನೇತಾಕ್ಬೇಕು. ಅದಕ್ಕೆ ಒಬ್ಬ ಮನುಷ್ಯ ಮೇಲೆ ಹತ್ತಿ, ಎರಡು ತೊಲೆ ಮೇಲೆ ಒಂದೊಂದು ಕಾಲಿಟ್ಟು, ತಲೆ ಮೇಲೆ ಕೈಯೆತ್ತಿ ಕಡ್ಡಿ ಜೋಡಿಸ್ತಾ ಹೋಗ್ಬೇಕು. ಊರಲ್ಲಿ ಯಾರ ಮನೆ ಬ್ಯಾರನ್ ತುಂಬ್ಬೇಕಾದ್ರೂ ನಮ್ ಯಜಮಾನ್ರೇ ಬರ್ಬೇಕು. ಅಂಥೋರ ಬಲಗೈ ಮುರಿದಿತ್ತು, ಅದೂ ಮಾರ್ನವಮಿ ಟೈಮಲ್ಲಿ, ಬ್ಯಾರನ್‌ಗಳಿಗೆ ಬೆಂಕಿ ಹಾಕೋ ಕಾಲದಲ್ಲೇ.

"ಹೆಂಗಾಯ್ತು?" ಅಂದೆ, ಪೆನ್ನು ಹಿಡ್ಕೊಂಡು.

"ನಾನು ಸೈಕಲ್ ತಳ್ಕೊಂಡು ಓಯ್ತಿದ್ದೆ ಕಣವ್ವ, ರಸ್ತೆ ಪಕ್ಕದಾಗೆ. ಹಿಂದ್ಲಿಂದ ಒಂದು ಕಾರು ಬಂದು ತಳ್ತು. ಚರಂಡೀಗೆ ಬಿದ್ದೆ. ಕಾರಲ್ಲಿದ್ದೋರು ಕೆ.ಆರ್. ನಗರದ ಕಡೆ ಮೇಷ್ಟ್ರು. ಪಾಪ, ಮಕ್ಕಳ್ನ ಕರ್ಕೊಂಡು ಬೈಲಕುಪ್ಪೆ ನೋಡಾಕೆ ಒಂಟಿದ್ರು. ಇಳಿದು ಗಡಗಡ ನಡುಗ್ತಾ ಅಳಾಕಿಡ್ಕೊಂಡ್ರು."

"ಆಮೇಲೆ?"

"ನಾನೇ ಎದ್ದು ಸಮಾಧಾನ ಮಾಡ್ದೆ. ಅಲ್ಲೇ ಒಟ್ಲಲ್ಲಿ ಟೀ ಕೊಡ್ಸಿದ್ರು. ಅವರ ಕೈ ನಡುಗಿ ಲೋಟ ಚೆಲ್ತಿತ್ತು. ನಾನೇ ಈ ಒಳ್ಳೆ ಕೈಲಿ ಇಡ್ಕೊಂಡು ಕುಡ್ಸ್ದೆ."

"ಆಮೇಲೆ ಆಸ್ಪತ್ರೆಗೆ ಹೋದ್ರಾ?"

"ಮೇಷ್ಟ್ರು ಆಸ್ಪತ್ರೆ ಮುಂದೆ ಕಾರ್ ನಿಲ್ಲುಸ್ದ್ರು. ನಾನೇ ಬ್ಯಾಡ ಅಂದೆ. ಮೂಳೆ ಮುರುದ್ರೆ ಆಸ್ಪತ್ರೆಗೆ ಯಾರ್ ಓಯ್ತಾರೆ? ಕೋಟೆ ರಸ್ತೇಲಿ ಕಟ್ಟು ಕಟ್ಟೋ ಅಜ್ಜ ಅವ್ನಲ್ಲ, ಅಲ್ಲಿಗೆ ಓಗಾನ ನಡೀರಿ ಅಂದೆ. ಬಿದಿರು ದಬ್ಬೆ ಇಟ್ಟು, ಸೊಪ್ಪು ಅರೆದು ಕಟ್ದ. ಕಾಸು ಮುಟ್ಟಾಕಿಲ್ಲ ಆಯಪ್ಪ, ತೆಂಗಿನಕಾಯಿ ಎಲೆ ಅಡಿಕೆ ಅಷ್ಟೇಯ. ಮೇಷ್ಟ್ರೇ ತಂದ್ಕೊಟ್ಟು ನನ್ನ ಬಸ್ಸತ್ತುಸ್ದ್ರು. ಒರಡಾವಾಗ ನಾನು, 'ನನ್ನಿಂದ ನಿಮ್ ಮಕ್ಕಳು ಬೈಲಕುಪ್ಪೆ ನೋಡ್ದಂಗಾಯ್ತು, ತಪ್ಪಾಯ್ತು ಮೇಷ್ಟ್ರೇ' ಅಂದೆ."

ನಾನು ಪೆನ್ನು ಕೆಳಗಿಟ್ಟೆ. ಆಸ್ಪತ್ರೆ ಇಲ್ಲ, ಸ್ಟೇಷನ್ ಇಲ್ಲ, ಬಿಲ್ಲಿಲ್ಲ. ಕಟ್ಟು ಬಿಚ್ಚಿದ ಮೇಲೆ ಕೈ ಎದೆ ಮಟ್ಟಕ್ಕೂ ಏಳ್ತಿರಲಿಲ್ಲ. ಇನ್ಮೇಲೆ ಬ್ಯಾರನ್ ಹತ್ತೋ ಹಾಗೇ ಇಲ್ಲ. ಈಗ ಹೆಂಡ್ತಿ ಬಾಯಿಬಿಟ್ರು. "ಒಗೆಸೊಪ್ಪು ಮಾರ್ಕೆಟ್ ರಸ್ತೇಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಕೊಟ್ರೆ ಕೂತ್ಕಂಡು ಯಾಪಾರ ಮಾಡ್ತದೆ ಮಗ. ಇಲ್ದಿದ್ರೆ ಮನೇಲಿ ಕೂತು ನನ್ ಅಡಿಗೇಲಿ ತಪ್ಪು ಇಡೀತದೆ. ಮೂರು ತಿಂಗಳಾಯ್ತು, ನಂಗೆ ತಡ್ಕಳಾಕಾಯ್ತಿಲ್ಲ. ನಂಗೆ ಆ ಅಂಗಡಿ ಬೇಕೇ ಬೇಕು."

ಯಜಮಾನ್ರು ಅಷ್ಟರಲ್ಲಿ ಎದ್ದು ನಿಂತಿದ್ರು. "ಮೇಷ್ಟ್ರ ಮೇಲೆ ಕೇಸಾ? ಏಳು, ಏಳು. ಅಂತಾ ಪುಣ್ಯಾತ್ಮನ ಮೇಲೆ!"

"ಕೂತ್ಕೊಳ್ಳಿ, ಕೊಡೋದು ಮೇಷ್ಟ್ರಲ್ಲ, ಇನ್ಶೂರೆನ್ಸ್ ಕಂಪನಿಯೋರು" ಅಂದೆ.

"ಕಂಪನಿಯೋರ್ಗೆ ನಾನ್ಯಾರು ಅಂತಾನೇ ಗೊತ್ತಿಲ್ಲ. ನಂಗ್ಯಾಕೆ ಕೊಟ್ಟಾರು?"

"ಇದಕ್ಕೇ ಅಂತ ಮೇಷ್ಟ್ರು ವರ್ಷವರ್ಷಾ ಅವರಿಗೆ ದುಡ್ಡು ಕಟ್ಟಿರ್ತಾರೆ. ಅವರ ಕಾರಿಂದ ಯಾರಿಗಾದ್ರೂ ಏಟಾದ್ರೆ ಕಂಪನಿ ಪರಿಹಾರ ಕೊಡ್ಬೇಕು. ಅದು ನಿಮ್ ಹಕ್ಕು."

ಹೆಂಡ್ತಿ ಗಂಡನ ಅಂಗಿ ಹಿಡಿದು ಕೂರಿಸಿದ್ರು. "ಕೇಳ್ದಾ? ಮೇಷ್ಟ್ರು ಕಟ್ಟಿದ್ದು ದಂಡ ಆಗಬಾರ್ದು. ಬರ್ಕೊ ಮಗ."

"ಸರಿ, ಮೇಷ್ಟ್ರ ಹೆಸರೇನು?"

ಇಬ್ರೂ ಗಾಬರಿಯಾಗಿ ನನ್ನ ನೋಡಿದ್ರು. "ಮೇಷ್ಟ್ರನ್ನ ಎಸರು ಕೇಳಾಕಾಯ್ತದಾ?" ಅಂದ್ರು ಯಜಮಾನ್ರು. ಅವತ್ತು ಅರ್ಧ ದಿನ ಒಂದೇ ಕಾರಲ್ಲಿ ಹೋಗಿ, ಟೀ ಕುಡಿದು, ಅತ್ತು, ಕಟ್ಟು ಕಟ್ಟಿಸಿ, ಹೆಸರು ಕೇಳಿಲ್ಲ!

ಸಂಜೆ ಸೀನಿಯರ್‌ಗೆ ಹೇಳ್ದೆ: "ಕೆ.ಆರ್. ನಗರದ ಕಡೆ ಮೇಷ್ಟ್ರು ಸಾರ್, ಸ್ವಂತ ಕಾರಿದೆ, ಒಳ್ಳೆ ಮನುಷ್ಯ. ಇಷ್ಟೇ ವಿಳಾಸ."

ಸೀನಿಯರ್ರು ಕನ್ನಡಕ ತೆಗೆದ್ರು. "ಇಷ್ಟೇ ವಿಳಾಸ ಇಟ್ಕೊಂಡು ನಿಮ್ಮಪ್ಪ ಎರಡು ವರ್ಷದಿಂದ ನಿಂಗೆ ಗಂಡು ಹುಡುಕ್ತಿದಾರೆ ಕಣಮ್ಮ. ಅವರಿಗೇ ಸಿಕ್ಕಿಲ್ಲ."

೨. ಹುರುಳಿ ಗಡಿಗೆ ಮುಚ್ಚಳ

ಮಾರನೇ ವಾರ ಮತ್ತೆ ಬಂದ್ರು. ನಾನು ಕಾರಿನ ಬಣ್ಣ ಕೇಳ್ದೆ, ಬಿಳಿ ಅಂದ್ರು. ಹೊಸದಾ ಹಳೇದಾ, ಹಳೇದು ಅಂದ್ರು. "ನಂಬರ್ ಏನಾದ್ರೂ ನೆನಪಿದ್ಯಾ?" ಅಂತ ಸುಮ್ನೆ ಕೇಳ್ದೆ, ಹೆಸರೇ ಕೇಳದೇ ಇರೋರು ನಂಬರ್ ಎಲ್ಲಿ ನೋಡಿರ್ತಾರೆ ಅಂತ.

"ನಂಬರ್ ಅಂದ್ರೆ?" ಅಂದ್ರು ಆಯಮ್ಮ.

"ಕಾರಿನ ಮುಂದೆ ಒಂದು ಉದ್ದಕ್ಕೆ ತಗಡು ಇರತ್ತಲ್ಲ, ಅದರ ಮೇಲೆ ಬರೆದಿರ್ತಾರೆ."

"ಓ, ಆ ತಗಡಾ! ನಮ್ಮನೇಲದೆ."

ನಾನು ಕುರ್ಚಿಯಿಂದ ಎದ್ದ ರಭಸಕ್ಕೆ ಕೋಟು ಕುರ್ಚಿಗೆ ಸಿಕ್ಕಾಕ್ಕೊಂಡು ಕುರ್ಚೀನೂ ಜೊತೆಗೇ ಎದ್ದಿತು.

ಆಗಿದ್ದೇನು ಅಂದ್ರೆ, ಕಾರು ಗುದ್ದಿದ ಏಟಿಗೆ ಮುಂದಿನ ನಂಬರ್ ಪ್ಲೇಟು ಕಳಚಿ ಬಿದ್ದಿತ್ತು. ಯಜಮಾನ್ರು ಕೈ ಮುರಿದಿದ್ರೂ ಅದನ್ನ ಎತ್ತಿ ಟವೆಲ್ಲಲ್ಲಿ ಸುತ್ತಿ ಕಂಕುಳಲ್ಲಿ ಇಟ್ಕೊಂಡಿದ್ರು, ಮೇಷ್ಟ್ರದ್ದು, ಕಳೆದುಹೋಗಬಾರ್ದು ಅಂತ. ಆಮೇಲೆ ನೋವಲ್ಲಿ ಕೊಡೋದು ಮರೆತು ಹಾಗೇ ಮನೆಗೆ ಬಂದಿದ್ರು. "ಈ ಕಡೆ ಬಂದಾಗ ಕೊಡಾನ ಅಂತ ಮಡಗಿದ್ದೆ" ಅಂದ್ರು.

ಆವತ್ತೇ ಅವರ ಜೊತೆ ಬಸ್ ಹತ್ತಿ ಊರಿಗೆ ಹೋದೆ. ಅಡಿಗೆಮನೆ ಮೂಲೇಲಿ ಸಾಲಾಗಿ ಗಡಿಗೆಗಳು. ಒಂದಕ್ಕೆ ತಟ್ಟೆ ಮುಚ್ಚಿದ್ರು, ಒಂದಕ್ಕೆ ಹಲಗೆ, ಹುರುಳಿ ಗಡಿಗೆಗೆ ಮೇಷ್ಟ್ರ ಕಾರಿನ ನಂಬರ್ ಪ್ಲೇಟು! ಎತ್ತಿ ನೋಡ್ತೀನಿ, ಒಂದು ಅಕ್ಷರಾನೂ ಕಾಣಲ್ಲ. ಉದ್ದಕ್ಕೂ ಮೂರು ಪಟ್ಟೆ ವಿಭೂತಿ, ಮೇಲೆ ದಪ್ಪಕ್ಕೆ ಅರಿಶಿನ ಕುಂಕುಮ, ಒಣಗಿದ ಚೆಂಡುಹೂವು ಬೇರೆ ಅಂಟ್ಕೊಂಡಿದೆ.

"ಇದೇನಿದು?" ಅಂದೆ.

"ಆಯುಧ ಪೂಜೆ ಬಂತಲ್ಲವ್ವ" ಅಂದ್ರು ಯಜಮಾನ್ರು. "ಮನೇಲಿರೋ ಕುಡ್ಲು, ಮಚ್ಚು, ಸೈಕಲ್ಲು ಎಲ್ಲಕ್ಕೂ ಇಟ್ವು. ಇದೊಂದ್ನ ಬುಟ್ರೆ ಮೇಷ್ಟ್ರ ಕಾರಿಗೆ ಏನಾರ ಆದೀತು. ಆ ಕಾರಿಗೆ ಎಲ್ಲೂ ಆಕ್ಸಿಡೆಂಟ್ ಆಗ್ದಂಗೆ ನೋಡ್ಕಳಪ್ಪ ಅಂತ ಕಾಯಿ ಒಡುದ್ವು."

ನಂಗೆ ನಗ್ಬೇಕೋ ಅಳ್ಬೇಕೋ ಗೊತ್ತಾಗಲಿಲ್ಲ. ಅಲ್ಲೇ ಹುಣಸೆಹಣ್ಣು ಹಾಕಿ ಉಜ್ಜಿದೆ, ನಂಬರ್ ಫಳಫಳ ಅಂತ ಬಂತು. (ಆಮೇಲೆ ಸೀನಿಯರ್ರು "ಸಾಕ್ಷೀನ ಹುಣಸೆಹಣ್ಣಾಕಿ ತೊಳೆದ್ಯಾ!" ಅಂತ ತಲೆ ಮೇಲೆ ಕೈ ಹೊತ್ಕೊಂಡ್ರು, ಅದು ಬೇರೆ ವಿಷ್ಯ.) ಪ್ಲೇಟು ಚೀಲಕ್ಕೆ ಹಾಕ್ಕೊಂಡು ಹೊರಟೆ. ಆಯಮ್ಮ ಬಾಗಿಲಿಗೆ ಅಡ್ಡ ನಿಂತ್ರು.

"ಅಂಗೇ ಓದ್ರೆ ಎಂಗೆ ಮಗ? ಉಳ್ಳೀಗೆ ಇಲಿ ಬೀಳ್ತವೆ. ಒಂದು ಮುಚ್ಚಳ ಕೊಟ್ಟು ತಗೊಂಡೋಗು."

ನಾನು ಲಾ ಕಾಲೇಜಲ್ಲಿ ಐದು ವರ್ಷ ಪರೀಕ್ಷೆ ಬರೆದ ಪ್ಯಾಡು ಈಗ ಆ ಹುರುಳಿ ಗಡಿಗೆ ಮೇಲಿದೆ. ಅಳತೆ ಮಾಡಿಸಿದ ಹಾಗೆ ಕೂತಿದೆ.

೩. ಬಿದ್ದ ಜಾಗ ತೋರ್ಸಿ ಅಂದಿದ್ದಕ್ಕೆ

ನಂಬರ್ ಸಿಕ್ಕಿದ ಮೇಲೆ ಸ್ಟೇಷನ್ನಿಗೆ ಹೋದ್ವಿ. ದಫೇದಾರ್ರು ಮೂರು ತಿಂಗಳು ತಡ ಯಾಕೆ ಅಂತ ಬೈದು, ಆಮೇಲೆ ನಂಬರ್ ಪ್ಲೇಟಿನ ಕಥೆ ಕೇಳಿ ನಕ್ಕೂ ನಕ್ಕೂ ಕಣ್ಣೊರೆಸ್ಕೊಂಡು ಕಂಪ್ಲೇಂಟು ಬರೆಯೋಕೆ ಶುರು ಮಾಡಿದ್ರು. "ಅತಿವೇಗ ಮತ್ತು ಅಜಾಗರೂಕತೆಯಿಂದ..." ಅಂತ ಬರೀತಿದ್ದ ಹಾಗೇ ಯಜಮಾನ್ರು ತಡೆದ್ರು.

"ಅತಿವೇಗ ಅಂತ ಬರೀಬ್ಯಾಡಿ ಸಾಮಿ. ಪಾಪ, ನಿದಾನಕ್ಕೇ ಬತ್ತಿದ್ರು."

"ಮತ್ತೆ ಹೆಂಗ್ರೀ ಗುದ್ದಿದ್ರು?"

"ಹಿಂದಕ್ಕೆ ತಿರುಗ್ಕೊಂಡು ಮಕ್ಕಳಿಗೆ ಮಗ್ಗಿ ಕೇಳ್ತಿದ್ರಂತೆ. ಅದ್ನ ಅತಿವೇಗ ಅನ್ನಾಕಾಯ್ತದಾ?"

ದಫೇದಾರ್ರು ಖುಷಿಯಾಗಿ "ಅಜಾಗರೂಕತೆ" ಅನ್ನೋದಕ್ಕೆ ಕೆಳಗೆ ಎರಡು ಗೆರೆ ಎಳೆದ್ರು. ನಮ್ ಯಜಮಾನ್ರು ಮೇಷ್ಟ್ರನ್ನ ಉಳಿಸೋಕೆ ಹೋಗಿ ನಮ್ ಕೇಸನ್ನೇ ಗಟ್ಟಿ ಮಾಡಿಕೊಟ್ಟಿದ್ರು.

ನಂಬರ್ ಮೇಲೆ ಮೇಷ್ಟ್ರೂ ಸಿಕ್ಕಿದ್ರು. ಲೈಸೆನ್ಸು, ಇನ್ಶೂರೆನ್ಸ್ ಕಾಗದ ಎಲ್ಲಾ ತಗೊಂಡು ತಾವೇ ಬಂದು ಸ್ಟೇಷನ್ನಲ್ಲಿ ಇನ್ನೊಂದ್ಸಲ ಅತ್ತರು. ಯಜಮಾನ್ರು ಇನ್ನೊಂದ್ಸಲ ಸಮಾಧಾನ ಮಾಡಿದ್ರು.

ಆಮೇಲೆ ಮಹಜರು, ಅಂದ್ರೆ ಆಕ್ಸಿಡೆಂಟ್ ಆದ ಜಾಗಕ್ಕೆ ಪೊಲೀಸ್ನೋರು ಬಂದು ನೋಡಿ ಬರ್ಕೊಳ್ಳೋದು. ದಫೇದಾರ್ರು, ಒಬ್ರು ಪೇದೆ, ನಾನು, ಯಜಮಾನ್ರು, ಊರಿನ ಇಬ್ರು ಸಾಕ್ಷಿಗಳು ಹೋದ್ವಿ. "ಹೆಂಗ್ ಬಿದ್ದಿದ್ರಿ, ಸರಿಯಾಗಿ ತೋರ್ಸಿ" ಅಂದ್ರು ದಫೇದಾರ್ರು.

ಯಜಮಾನ್ರು ಹೇಳಿದ ಮಾತು ಮೀರೋರಲ್ಲ. ಚರಂಡಿ ಪಕ್ಕ ಅಡ್ಡಡ್ಡ ಮಲಗಿ, ಕಾಲು ಒಂದು ಕಡೆ, ಕೈ ಒಂದು ಕಡೆ, ಕಣ್ಣು ಮುಚ್ಕೊಂಡು "ಇಂಗೇ ಸಾಮಿ" ಅಂದ್ರು. ಪೇದೆ ಅಳತೆ ಟೇಪು ಹಿಡ್ಕೊಂಡು ರಸ್ತೆ ಆಚೆ ಬದಿಗೆ ಹೋದ್ರು. ನಾನು, ದಫೇದಾರ್ರು, ಸಾಕ್ಷಿಗಳು ಅವರ ಹಿಂದೆ ಹೋಗಿ ಟೇಪಿನ ಇನ್ನೊಂದು ತುದಿ ಹುಡುಕ್ತಿದ್ವಿ.

ಆಗ ಬಂತು ನೋಡಿ ಒಂದು ಪ್ರೈವೇಟ್ ಬಸ್ಸು. ಯಾರೋ ಬಿದ್ದವ್ರೆ ಅಂತ ಗಕ್ಕನೆ ನಿಲ್ತು. ಕಂಡಕ್ಟರು, ನಾಕೈದು ಜನ ಧುಮುಕಿದ್ರು. "ಅಯ್ಯೋ, ಯಾವನೋ ಗುದ್ದುಬುಟ್ಟು ಓಗವ್ನೆ ಕಣ್ಲಾ! ಎತ್ರಲಾ, ಎತ್ರಲಾ!" ಅಂತ ಯಜಮಾನ್ರನ್ನ ಅನಾಮತ್ತು ಎತ್ತಿ, ಹಿಂದಿನ ಸೀಟಲ್ಲಿ ಮಲಗಿಸಿ, "ರೈಟ್!" ಅಂದ್ರು. ನಾವು ಈ ಕಡೆಯಿಂದ "ಏಯ್, ಏಯ್" ಅಂತ ಓಡೋಷ್ಟರಲ್ಲಿ ಬಸ್ಸು ಹೊಗೆ ಬಿಟ್ಕೊಂಡು ಹುಣಸೂರು ದಿಕ್ಕಿಗೆ ಹೋಗೇಬಿಡ್ತು. ದಫೇದಾರ್ರು ಟೇಪು ಹಿಡ್ಕೊಂಡು ಖಾಲಿ ಜಾಗ ನೋಡ್ತಾ ನಿಂತಿದ್ರು.

ನಾವು ಇನ್ನೊಂದು ಬಸ್ ಹಿಡಿದು ಹುಣಸೂರು ಆಸ್ಪತ್ರೆಗೆ ಹೋದ್ರೆ, ಯಜಮಾನ್ರು ಅಲ್ಲಿ ಮಂಚದ ಮೇಲೆ ಎಳನೀರು ಕುಡೀತಾ ಕೂತಿದಾರೆ. ಬಸ್ಸಿನೋರೇ ಕೊಡಿಸಿದ್ದಂತೆ.

"ನಂಗೇನೂ ಆಗಿಲ್ಲ ಅಂತ ಹೇಳ್ಬಾರ್ದಾಗಿತ್ತಾ?" ಅಂದೆ.

"ಎಂಗವ್ವ ಏಳ್ಳಿ? ಅಷ್ಟು ಪ್ರೀತಿಯಿಂದ ಎತ್ಕೊಂಡಿದ್ರು. ಒಂದೆಂಗಸು ತನ್ ಸೆರಗಲ್ಲಿ ಗಾಳಿ ಬೀಸ್ತಾ ಅಳ್ತಿತ್ತು. ಏನಾಗಿಲ್ಲ ಅಂದ್ರೆ ಬೇಜಾರಾಯ್ತದೆ."

ಆದ್ರೆ ನೋಡಿ, ಅದ್ರಿಂದ ನಮಗಾದ ಉಪಕಾರ! ಡಾಕ್ಟ್ರು ಕೈಗೆ ಎಕ್ಸ್‌ರೇ ತೆಗೆಸಿಬಿಟ್ಟಿದ್ರು. ಮೂರು ತಿಂಗಳಿಂದ ಇಲ್ಲದ ಆಸ್ಪತ್ರೆ ಚೀಟಿ, ಎಕ್ಸ್‌ರೇ, ಕೈ ಮೇಲಕ್ಕೆ ಏಳಲ್ಲ ಅನ್ನೋ ಸರ್ಟಿಫಿಕೇಟು, ಎಲ್ಲದಕ್ಕೂ ದಾರಿ ಆಯ್ತು. ನಾವು ಒಳಗೆ ಹೋದಾಗ ಆ ಡಾಕ್ಟ್ರು ಎಕ್ಸ್‌ರೇನ ಕಿಟಕಿ ಬೆಳಕಿಗೆ ಹಿಡಿದು ಬೆರಗಾಗಿ ನೋಡ್ತಿದ್ರು.

"ಅರ್ಧ ಗಂಟೆ ಹಿಂದೆ ಬಿದ್ದೋರು ಅಂತಾರೆ" ಅಂದ್ರು ನಮ್ಗೆ. "ನನ್ ಸರ್ವೀಸಲ್ಲೇ ನೋಡಿಲ್ಲ ಕಣ್ರೀ, ಬಸ್ಸಲ್ಲಿ ಬರೋಷ್ಟರಲ್ಲಿ ಮೂಳೆ ಕೂಡ್ಕೊಂಡ್ಬಿಟ್ಟಿದೆ!"

೪. ಚೆಂದಾಗಿವ್ನಿ ಸಾಮಿ

ಕೇಸು ಕೋರ್ಟಿಗೆ ಬಂತು. ಯಜಮಾನ್ರು ಸಾಕ್ಷಿ ಹೇಳೋ ದಿನ ಬರೋಕೆ ಒಂದು ವರ್ಷದ ಮೇಲಾಯ್ತು. ಅಷ್ಟರಲ್ಲಿ ಇನ್ನೊಂದು ಹೊಗೆಸೊಪ್ಪಿನ ಕಾಲ ಬಂದು ಹೋಗಿತ್ತು, ಯಜಮಾನ್ರು ಕೆಳಗೆ ನಿಂತು ಬೇರೆಯೋರು ಬ್ಯಾರನ್ ತುಂಬೋದನ್ನ ನೋಡಿದ್ರು. "ಕಡ್ಡಿ ವಕ್ರ ಆಕ್ತಾವ್ರೆ ಕಣವ್ವ, ನೋಡಾಕಾಗಕಿಲ್ಲ" ಅಂತ ನನ್ ಹತ್ರ ಹೇಳೋವಾಗ ಮಾತ್ರ ಅವರ ದನಿ ಸ್ವಲ್ಪ ಕುಗ್ಗಿತ್ತು.

ಆವತ್ತು ಬೆಳಗ್ಗೆ ಪೂರ್ತಿ ಅವರಿಗೆ ಹೇಳಿಕೊಟ್ಟೆ. ಇದ್ದಿದ್ದು ಇದ್ದ ಹಾಗೆ ಹೇಳಿ, ನೋವಿದ್ರೆ ನೋವಿದೆ ಅನ್ನಿ, ಆಗದೇ ಇದ್ರೆ ಆಗಲ್ಲ ಅನ್ನಿ. "ಆಯ್ತು ಬುಡವ್ವ" ಅಂದ್ರು.

ಕಟಕಟೆ ಹತ್ತಿದ್ರು. ಜಡ್ಜ್ ಸಾಹೇಬ್ರು ಒಳ್ಳೆ ಮನುಷ್ಯ, ಹೆದರಿರ್ತಾರೆ ಅಂತ ನಗ್ತಾ, "ಏನ್ ಯಜಮಾನ್ರೇ, ಚೆನ್ನಾಗಿದೀರಾ?" ಅಂತ ಕೇಳಿದ್ರು.

"ನಿಮ್ ದಯದಿಂದ ಚೆಂದಾಗಿವ್ನಿ ಸಾಮಿ!"

ಕಂಪನಿ ಪರ ವಕೀಲ್ರು ಮೈಸೂರಿಂದ ಬರ್ತಿದ್ರು. ಇಸ್ತ್ರಿ ಮುರಿಯದ ಕೋಟು, ಪುಸ್ತಕದ ಕನ್ನಡ, ಅರ್ಧ ಇಂಗ್ಲಿಷು. ತಟಕ್ಕನೆ ಎದ್ದರು. "ದಯವಿಟ್ಟು ದಾಖಲಿಸಿಕೊಳ್ಳಬೇಕು ಸ್ವಾಮಿ, ಅರ್ಜಿದಾರರು ತಾವು ಆರೋಗ್ಯವಾಗಿದ್ದೇನೆಂದು ಒಪ್ಪಿಕೊಂಡಿದ್ದಾರೆ."

"ಕೈ ಹೇಗಿದೆ?" ಅಂದ್ರು ಜಡ್ಜ್ ಸಾಹೇಬ್ರು.

ದೊಡ್ಡೋರ ಮುಂದೆ ಕಷ್ಟ ಹೇಳ್ಕೊಳ್ಳೋದು ಮರ್ಯಾದೆ ಅಲ್ಲ ನಮ್ ಕಡೆ. "ಅದ್ಕೇನಾಗದೆ ಸಾಮಿ, ಇದ್ದದ್ರಲ್ಲಿ ವಾಸಿ" ಅಂದ್ಬಿಟ್ರು.

ನಮ್ ಸೀನಿಯರ್ರು ನನ್ನ ಕಡೆ ತಿರುಗಿ ಒಂದು ನೋಟ ನೋಡಿದ್ರು, ನಾನು ಕೋಟೊಳಗೆ ಪೂರ್ತಿ ಇಳಿದುಹೋದೆ. ಜಾಗ ಇತ್ತಲ್ಲ.

ಆಗ ಹಿಂದಿನ ಬೆಂಚಿಂದ ಒಂದು ಕೂಗು. "ಏಯ್! ವಾಸಿಯಂತೆ ವಾಸಿ! ಆ ಅಂಗಿ ಗುಂಡಿ ಯಾರಾಕಿದ್ದು ಅಂತ ಏಳು ಸಾಮಿಗೆ!"

ಕೋರ್ಟಲ್ಲಿ ಹೆಸರು ಕೂಗೋ ಡವಾಲಿಯೋರು "ಸೈಲೆನ್ಸ್" ಅಂತ ಆಯಮ್ಮನ ಕಡೆ ಓಡಿದ್ರು. ಜಡ್ಜ್ ಸಾಹೇಬ್ರು ಕೈ ಎತ್ತಿ ತಡೆದು, ಯಜಮಾನ್ರನ್ನ ಕೇಳಿದ್ರು, "ಯಾರ್ ಹಾಕಿದ್ದು?"

ಯಜಮಾನ್ರು ತಲೆ ತಗ್ಗಿಸಿದ್ರು. "ಅವಳೇಯ."

"ತಲೆ ಬಾಚೋದು?"

"ಅವಳೇಯ."

"ಊಟ?"

"ಎಡಗೈಲಿ ಉಣ್ಣಬಾರ್ದಲ್ಲ ಸಾಮಿ. ಚಮಚ ಕೊಟ್ಟವ್ಳೆ. ಚಮಚಕ್ಕೆ ಮುದ್ದೆ ಒಪ್ಪಾಕಿಲ್ಲ."

ಜಡ್ಜ್ ಸಾಹೇಬ್ರು ಒಂದೊಂದೂ ಬರೆಸ್ಕೊಂಡ್ರು. ಕಂಪನಿ ವಕೀಲ್ರು ಕೂತ್ಕೊಂಡ್ರು. ಹೊರಗೆ ಬಂದ್ಮೇಲೆ ಸೀನಿಯರ್ರು ಆಯಮ್ಮನಿಗೆ ಕೈ ಮುಗಿದು ನಂಗೆ ಹೇಳಿದ್ರು: "ನಾಳೆಯಿಂದ ಆ ಕೋಟು ಅವರಿಗೆ ಕೊಡು."

೫. ನಮ್ಮಪ್ಪನ ಕೈಕೆಲಸ

ಇಷ್ಟಾದ್ರೂ ಕೇಸು ಗೆದ್ದಿರಲಿಲ್ಲ ಕಣ್ರೀ. ಕಂಪನಿ ವಕೀಲ್ರು ಒಂದೇ ಪಟ್ಟು ಹಿಡಿದ್ರು. ಕೈ ಮುರಿದಿರೋದು ನಿಜ, ಆದ್ರೆ ಕಾರಿಂದಲ್ಲ, ಬ್ಯಾರನ್ ಮೇಲಿಂದ ಬಿದ್ದು ಮುರಿದಿದೆ, ಆಮೇಲೆ ಮೇಷ್ಟ್ರ ಜೊತೆ ಸೇರ್ಕೊಂಡು ಕಥೆ ಕಟ್ಟಿದಾರೆ ಅಂತ. ಮೇಷ್ಟ್ರು ಕೋರ್ಟಿಗೆ ಬಂದು "ನಾನೇ ಗುದ್ದಿದ್ದು" ಅಂತ ಹೇಳಿದ್ರೂ ಉಪಯೋಗ ಆಗಲಿಲ್ಲ. ಯಾಕಂದ್ರೆ ಅದಕ್ಕೆ ಐದು ನಿಮಿಷ ಮುಂಚೆ ಜಗಲಿ ಮೇಲೆ ಮೇಷ್ಟ್ರೂ ಯಜಮಾನ್ರೂ ಒಂದು ಟೀನ ಎರಡು ಲೋಟಕ್ಕೆ ಹಾಕ್ಕೊಂಡು ಕುಡೀತಿದ್ದದ್ದನ್ನ ಕಂಪನಿ ವಕೀಲ್ರು ಕಣ್ಣಾರೆ ನೋಡಿದ್ರು.

ಆ ದಿನ ಆ ಕಾರಲ್ಲೇ ಈ ಕೈ ಬಂತು ಅಂತ ಹೇಳೋಕೆ ಇದ್ದ ಇನ್ನೊಬ್ಬ ಮನುಷ್ಯ ಕಟ್ಟು ಕಟ್ಟೋ ಅಜ್ಜ. ಅವರು ಹೇಳಿದ್ದು ನಂಬಿದ್ರೆ ಅಂಗಡಿ, ಇಲ್ದಿದ್ರೆ ಇಲ್ಲ. ಅಂಥಾ ದಿನಾನೇ ಸೀನಿಯರ್ರಿಗೆ ಮೈಸೂರಲ್ಲಿ ಬೇರೆ ಕೇಸು! "ನೀನೇ ನಡೆಸು, ಹೆದರಬೇಡ" ಅಂತ ಹೇಳಿ ಬಸ್ ಹತ್ತಿಬಿಟ್ರು. ನಾನು ಜಗಲಿ ಮೇಲೆ ಕೂತು ಒಂದು ಹಾಳೆ ತುಂಬಾ ಪ್ರಶ್ನೆ ಬರ್ಕೊಂಡೆ.

ಅಜ್ಜ ಬಂದ್ರು. ಎಪ್ಪತ್ತು ದಾಟಿರ್ಬೇಕು, ಒಣಗಿದ ಕಡ್ಡಿ ಹಾಗೆ ಇದ್ರು, ಬೆರಳು ಮಾತ್ರ ಬೇರಿನ ಹಾಗೆ ದಪ್ಪ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕಟಕಟೆಗೆ ನಮಸ್ಕಾರ ಮಾಡಿ ಹತ್ತಿದ್ರು. ನಾನು ಬರ್ಕೊಂಡಿದ್ದ ಹದಿನೆಂಟು ಪ್ರಶ್ನೇಲಿ ಹದಿನೇಳು ಮರೆತುಹೋಯ್ತು. "ನಡೆದಿದ್ದು ಹೇಳಿ ಅಜ್ಜಾ" ಅಂದೆ, ಅಷ್ಟೇ. ಅವರೇ ಹೇಳಿದ್ರು. ಮಾಳಯ ಅಮಾಸೆ ಆದ ನಾಕನೇ ದಿನ, ಬಿಳೀ ಕಾರು, ಮುಂದ್ಗಡೆ ತಗಡಿರಲಿಲ್ಲ, ಒಬ್ರು ಮೇಷ್ಟ್ರು ಅಳ್ತಿದ್ರು, ಈ ಯಜಮಾನ ಅವರನ್ನ ಸಮಾಧಾನ ಮಾಡ್ತಿದ್ದ. "ಇಬ್ರಲ್ಲಿ ಯಾರ್ಗೆ ಮೂಳೆ ಮುರುದದೆ ಅಂತ ನಾನು ಕೇಳ್ಬೇಕಾಯ್ತು ಸಾಮಿ."

ಜಡ್ಜ್ ಸಾಹೇಬ್ರು ಮೀಸೆ ಒರೆಸೋ ನೆಪದಲ್ಲಿ ಬಾಯಿ ಮುಚ್ಕೊಂಡ್ರು. ಕಂಪನಿ ವಕೀಲ್ರು ಪಾಟೀಸವಾಲಿಗೆ ಎದ್ದರು.

"ತಾವು ಯಾವ ವೈದ್ಯಕೀಯ ಕಾಲೇಜಿನಲ್ಲಿ ಓದಿದ್ದೀರಿ?"

"ನಮ್ಮಪ್ಪನತ್ರ."

"ಎಕ್ಸ್‌ರೇ ಇಲ್ಲದೆ ಮೂಳೆ ಮುರಿದಿರುವುದು ನಿಮಗೆ ಹೇಗೆ ತಿಳಿಯುತ್ತದೆ?"

"ಮುಟ್ಟುದ್ರೆ ತಿಳೀತದೆ."

"ಬ್ಯಾರನ್ನಿಂದ ಬಿದ್ದ ಹಳೆಯ ಪೆಟ್ಟೋ, ಅಂದೇ ಆದ ಹೊಸ ಪೆಟ್ಟೋ, ಅದೂ ತಿಳಿಯುತ್ತದೆಯೋ?"

"ಓ, ತಿಳೀತದೆ. ಅವತ್ತು ಬಂದಾಗ ಮೂಳೆ ಬಿಸಿಯಿತ್ತು. ಒಸ ಏಟೇಯ."

ಕಂಪನಿ ವಕೀಲ್ರು ಎಲ್ಲರ ಕಡೆ ತಿರುಗಿ ನಕ್ಕರು. ಆಮೇಲೆ, ಯಾರೂ ಕೇಳದೇ, ತಾವೇ ತಾವಾಗಿ ಕಟಕಟೆ ಹತ್ರ ಹೋಗಿ ಬಲಗೈ ಚಾಚಿದ್ರು. "ಹಾಗಾದರೆ ಇದನ್ನು ಮುಟ್ಟಿ ಹೇಳಿ ನೋಡೋಣ!"

ಅಜ್ಜ ಆ ಕೈ ಕಡೆ ನೋಡಲೇ ಇಲ್ಲ. "ಈ ಕೈ ಬ್ಯಾಡ ಬುಡಿ. ಫೈಲು ಇಡ್ಕಂಡಿದ್ದೀರಲ್ಲ, ಆ ಕೈ ಕೊಡಿ."

ವಕೀಲ್ರ ನಗು ಸ್ವಲ್ಪ ಇಳೀತು. ಎಡಗೈ ಕೊಟ್ರು. ಅಜ್ಜ ಕೋಟಿನ ತೋಳು ಮೇಲಕ್ಕೆ ಸರಿಸಿ, ಮಣಿಕಟ್ಟಿಂದ ನಾಕು ಬೆರಳು ಅಳತೆ ಮಾಡಿ, ಹೆಬ್ಬೆರಳಿಟ್ಟು ಒಂದೇ ಒಂದು ಸಲ ಒತ್ತಿದ್ರು.

"ಅಯ್ಯಯ್ಯೋ ಅವ್ವಾ! ಬುಡ್ಲಾ, ಬುಡ್ಲಾ, ಸತ್ತೆ ಕಣ್ಲಾ!"

ಕೂಗಿದ್ದು ಕಂಪನಿ ವಕೀಲ್ರು! ಪುಸ್ತಕದ ಕನ್ನಡ ಎಲ್ಲಿ ಹೋಯ್ತೋ, ಇಂಗ್ಲಿಷ್ ಎಲ್ಲಿ ಹೋಯ್ತೋ! ನಮ್ ಭೇರ್ಯದ ಕಡೆ ಹಳ್ಳಿಯೋರು ಹೊಲದಲ್ಲಿ ಕೂಗಿದ ಹಾಗಿತ್ತು.

ಅಜ್ಜ ಕೈ ಬಿಡ್ಲಿಲ್ಲ. ಕಣ್ಣು ಮುಚ್ಚಿ ಬೆರಳಾಡಿಸ್ತಾ, "ಚಿಕ್ಕೋರಿದ್ದಾಗ, ಹತ್ತೊರ್ಸ ತುಂಬೋಕೆ ಮುಂಚೇನೇ ಮುರಿದದೆ. ಮರದಿಂದ ಬಿದ್ದಿದ್ದು. ಎರಡು ಕಡೆ ಮುರುದು..." ಅಂತಿದ್ದೋರು ಗಕ್ಕನೆ ನಿಂತರು. ಇನ್ನೊಂದ್ಸಲ ಬೆರಳಾಡಿಸಿದ್ರು. ಮುಖ ಅರಳ್ತು ನೋಡಿ, ಮೊಮ್ಮಗನ್ನ ಕಂಡ ಹಾಗೆ. "ಇದು ನಮ್ಮಪ್ಪ ಕಟ್ಟಿರೋದು! ಸಾಮಿ, ಇದು ನಮ್ಮಪ್ಪನ ಕೈಕೆಲಸ!"

ಜಡ್ಜ್ ಸಾಹೇಬ್ರು ಮುಂದಕ್ಕೆ ಬಾಗಿದ್ರು. "ವಕೀಲರೇ, ನಿಜವೇ?"

ವಕೀಲ್ರು ಕೋಟಿನ ತೋಳು ಇಳಿಸ್ಕೊಂಡ್ರು. ಆಮೇಲೆ ಮೆಲ್ಲಗೆ, "ನೇರಳೆ ಮರ ಸ್ವಾಮಿ. ಮೂರನೇ ಕ್ಲಾಸು. ನಮ್ಮಪ್ಪ ಎತ್ತಿನ ಗಾಡೀಲಿ ಕರ್ಕೊಂಡು ಹೋಗಿದ್ರು" ಅಂದ್ರು.

"ಎಕ್ಸ್‌ರೇ?"

"ಇಲ್ಲ ಸ್ವಾಮಿ."

"ಆಸ್ಪತ್ರೆ ಚೀಟಿ? ಕಂಪ್ಲೇಂಟು?"

"ಮರದ ಮೇಲೆ ಏನಂತ ಕಂಪ್ಲೇಂಟು ಕೊಡ್ಲಿ ಸ್ವಾಮಿ" ಅಂದ್ರು ವಕೀಲ್ರು. ಆಗ ಜಡ್ಜ್ ಸಾಹೇಬ್ರೂ ತಡೀಲಾರದೇ ನಕ್ಕುಬಿಟ್ರು, ಇಡೀ ಕೋರ್ಟು ನಕ್ತು. "ಪಾಟೀಸವಾಲು ಮುಂದುವರೀಬೇಕಾ?" ಅಂದಿದ್ದಕ್ಕೆ ವಕೀಲ್ರು "ಬೇಡ ಸ್ವಾಮಿ, ಕೈ ನೋಯ್ತಿದೆ" ಅಂತ ಕೂತೇ ಬಿಟ್ರು.

ಊಟದ ಬಿಡುವಲ್ಲಿ ನಾನು ಹೊರಗೆ ಬಂದ್ರೆ, ಬೇವಿನ ಮರದ ಕೆಳಗೆ ಕ್ಯೂ ನಿಂತಿದೆ. ಬೆಂಚ್ ಕ್ಲರ್ಕಿಗೆ ಸೊಂಟ, ಡವಾಲಿಯೋರಿಗೆ ಮಂಡಿ, ದಫೇದಾರ್ರಿಗೆ ಕತ್ತು. ಅಜ್ಜ ಒಬ್ಬೊಬ್ಬರನ್ನೇ ಒತ್ತಿ ನೋಡ್ತಿದಾರೆ. ಕ್ಯೂನಲ್ಲಿ ಮೊದಲ್ನೇ ಜಾಗ ಕಂಪನಿ ವಕೀಲ್ರದ್ದು, ಕೈಯಲ್ಲಿ ತೆಂಗಿನಕಾಯಿ, ಎಲೆ, ಅಡಿಕೆ.

ತೀರ್ಪು ಬಂದ ದಿನ ಸೀನಿಯರ್ರೂ ಇದ್ರು. ಜಡ್ಜ್ ಸಾಹೇಬ್ರು ಓದಿದ್ರು: ಏಟು ಕಾರಿಂದಲೇ ಆಗಿದೆ, ಕಂಪನಿಯೋರು ಪರಿಹಾರ ಕೊಡ್ಬೇಕು. ಎಷ್ಟು ಅಂತ ಕೇಳಿದ ಕೂಡಲೇ ಆಯಮ್ಮ ನನ್ನ ಕಿವೀಲಿ, "ಅಂಗಡಿ ಆಯ್ತದಾ?" ಅಂದ್ರು. "ಅಂಗಡಿ, ಅಂಗಡಿಗೆ ಸಾಮಾನು, ಮೇಲೊಂದು ಛತ್ರಿ, ಎಲ್ಲಾ ಆಗತ್ತೆ" ಅಂದೆ. ಆಯಮ್ಮ ನನ್ನ ಕೋಟನ್ನೇ ಎಳ್ಕೊಂಡು ಕಣ್ಣೊರೆಸ್ಕೊಂಡ್ರು. ಆ ಕೋಟಲ್ಲಿ ಬಟ್ಟೆಗೇನೂ ಕಮ್ಮಿ ಇರ್ಲಿಲ್ಲ ಬಿಡಿ.

ಯಜಮಾನ್ರು ಮಾತ್ರ ನಮ್ ಹತ್ರ ಬರಲಿಲ್ಲ. ಸೀದಾ ಎದುರು ಪಾರ್ಟಿ ಬೆಂಚಿಗೆ, ಮೇಷ್ಟ್ರ ಹತ್ರ ಹೋದ್ರು. ಮೇಷ್ಟ್ರು ಅಭ್ಯಾಸ ಬಲದಿಂದ ಆಗ್ಲೇ ಅಳ್ತಿದ್ರು. ಅವರ ಕೈನ ಎಡಗೈಲಿ ಹಿಡ್ಕೊಂಡು ಯಜಮಾನ್ರು ಹೇಳಿದ್ದು ನಾನು ಪಕ್ಕದಲ್ಲೇ ನಿಂತು ಕೇಳಿಸ್ಕೊಂಡೆ.

"ಮೇಷ್ಟ್ರೇ, ಬರೋ ಸುಕ್ರವಾರ ಅಂಗಡಿ ಪೂಜೆ. ಒಗೆಸೊಪ್ಪು ಮಾರ್ಕೆಟ್ ರಸ್ತೇಲಿ, ರಸ್ತೆ ಪಕ್ಕದಾಗೇ. ನೀವೇ ಬಂದು ಮೊದುಲ್ನೇ ಬೋಣಿ ಮಾಡ್ಬೇಕು, ಮಕ್ಕಳ್ನೂ ಕರ್ಕೊಂಬನ್ನಿ."

"ಖಂಡಿತ ಬರ್ತೀನಿ ಯಜಮಾನ್ರೇ, ಖಂಡಿತ" ಅಂದ್ರು ಮೇಷ್ಟ್ರು, ಕಣ್ಣೊರೆಸ್ಕೊಳ್ತಾ.

ಯಜಮಾನ್ರು ಎರಡು ಹೆಜ್ಜೆ ಬಂದೋರು ಏನೋ ಯೋಚನೆ ಮಾಡಿ ವಾಪಸ್ ಹೋದ್ರು. ಇನ್ನೂ ಹತ್ರ ಬಾಗಿ, ಬೇಜಾರಾಗಬಾರ್ದು ಅಂತ ಆದಷ್ಟು ಮೆಲ್ಲಗೆ ಹೇಳಿದ್ರು:

"ಬಸ್ಸಲ್ಲಿ ಬನ್ನಿ ಮೇಷ್ಟ್ರೇ."